ಕಾಲಿಗೆ ಇಎಂಜಿ ಸೆನ್ಸರ್ ಅಂಟಿಸಿ ಓಡಾಟ ಗುರುತಿಸಿದ್ದು: ನನ್ನ ಅನುಭವ

ನಡೆಯುವುದು, ಮೆಟ್ಟಿಲು ಹತ್ತುವುದು, ಇಳಿಯುವುದು, ಕುರ್ಚಿಯಿಂದ ಏಳುವುದು, ಕೂರುವುದು. ಈ ಐದನ್ನು ಕಾಲಿನ ಸ್ನಾಯುಗಳ ವಿದ್ಯುತ್ ಸಿಗ್ನಲ್ (ಇದೇ ಇಎಂಜಿ) ನೋಡಿಯೇ ಗುರುತಿಸಬೇಕು ಅಂತ ಹೊರಟೆ. ಮಂಡಿ ಆಪರೇಷನ್ ಆದವರು ಮನೆಯಲ್ಲಿ ಎಷ್ಟು ಸಲ ಕೂತು ಏಳುತ್ತಾರೆ, ಆ ಕಾಲಿಗೆ ನಿಜಕ್ಕೂ ಕೆಲಸ ಕೊಡುತ್ತಿದ್ದಾರಾ ಅನ್ನುವುದು ಚೆಕಪ್‌ಗೆ ಬಂದ ಹತ್ತು ನಿಮಿಷದಲ್ಲಿ ಗೊತ್ತಾಗುವುದಿಲ್ಲ, ವಾಚಿನ ಹೆಜ್ಜೆ ಲೆಕ್ಕವೂ ಅದನ್ನು ಹೇಳುವುದಿಲ್ಲ.

ಸ್ನಾಯು ಬಿಗಿಯಾದಾಗ ಚರ್ಮದ ಮೇಲೆ ಸಿಗುವ ವೋಲ್ಟೇಜ್ ತೀರಾ ಸಣ್ಣದು, ಹೆಚ್ಚೆಂದರೆ ಕೆಲವು ಮಿಲಿವೋಲ್ಟ್. ಅದನ್ನು ಹಿಡಿಯುವ ಎಲೆಕ್ಟ್ರೋಡ್ ಬಿಲ್ಲೆಗಳನ್ನು ನಾನು ನಾಲ್ಕು ಕಡೆ ಜೋಡಿಯಾಗಿ ಅಂಟಿಸಿದೆ: ತೊಡೆಯ ಮುಂದೆ, ತೊಡೆಯ ಹಿಂದೆ, ಮೀನಖಂಡ, ಮಂಡಿಯ ಕೆಳಗೆ ಮುಂದಿನ ಮೂಳೆಯ ಹೊರಪಕ್ಕ. ಹೋಲಿಕೆಗೆ ಬೇಕಾದ ರೆಫರೆನ್ಸ್ ಎಲೆಕ್ಟ್ರೋಡ್ ಮಂಡಿಚಿಪ್ಪಿನ ಮೇಲೆ. ಎರಡು ಎಲೆಕ್ಟ್ರೋಡ್ ನಡುವೆ 20 ಮಿಲಿಮೀಟರ್, ಸ್ನಾಯುವಿನ ಎಳೆ ಹೋಗುವ ದಿಕ್ಕಿನಲ್ಲೇ. ಕೂದಲು ತೆಗೆದು, ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ. ಇಲ್ಲಿ ಅವಸರ ಮಾಡಿದರೆ ಮುಂದೆ ಓಡಾಟ ಗುರುತಿಸುವ ಯಾವ ಕಂಪ್ಯೂಟರ್ ಮಾಡೆಲ್ಲೂ ಕಾಪಾಡುವುದಿಲ್ಲ.

ಮೊದಲ ದಿನ ಹಿಮ್ಮಡಿ ನೆಲಕ್ಕೆ ತಾಗಿದಾಗಲೆಲ್ಲ ಸ್ಕ್ರೀನಿನಲ್ಲಿ ಒಂದು ದೊಡ್ಡ, ನಿಧಾನದ ಉಬ್ಬು ಬರುತ್ತಿತ್ತು. ಸ್ನಾಯು ಚೆನ್ನಾಗಿ ಕಾಣ್ತಿದೆ ಅಂದುಕೊಂಡೆ. ಅನುಮಾನ ಬಂದು ಕುರ್ಚಿಯಲ್ಲಿ ಕೂತು, ಕಾಲು ಸಡಿಲ ಬಿಟ್ಟು, ವೈರ್ ಮಾತ್ರ ಕೈಯಲ್ಲಿ ಅಲ್ಲಾಡಿಸಿದೆ. ಅದೇ ಉಬ್ಬು! ವೈರನ್ನು ಕಾಲಿಗೆ ಟೇಪ್ ಹಾಕಿ ಬಿಗಿದು, 20 ಹರ್ಟ್ಸ್‌ಗಿಂತ ಕೆಳಗಿನದನ್ನು ಫಿಲ್ಟರ್ ಮಾಡಿದೆ. ಮೇಲೆ 450ಕ್ಕೆ ನಿಲ್ಲಿಸಿದೆ, ಸೆಕೆಂಡಿಗೆ 1000 ಸ್ಯಾಂಪಲ್. ಕರೆಂಟಿನ 50 ಹರ್ಟ್ಸ್ ಗದ್ದಲಕ್ಕೆ ಅದೊಂದನ್ನೇ ಕತ್ತರಿಸುವ ನಾಚ್ ಫಿಲ್ಟರ್ ಹಾಕುವ ಮುಂಚೆ ಎಲೆಕ್ಟ್ರೋಡ್ ಸರಿಯಾಗಿ ಕಚ್ಚಿಕೊಂಡಿದೆಯಾ ನೋಡಿ. ಸ್ನಾಯುವಿನ ಸಿಗ್ನಲ್ಲಿನ ಬಲ ಜಾಸ್ತಿ ಇರುವುದೂ ಆ ಆಸುಪಾಸಿನಲ್ಲೇ, ನಾಚ್ ಅದನ್ನೂ ಸ್ವಲ್ಪ ತಿನ್ನುತ್ತದೆ.

ಆಮೇಲೆ 250 ಮಿಲಿಸೆಕೆಂಡಿನ ತುಂಡುಗಳು, ಒಂದರ ಅರ್ಧ ಇನ್ನೊಂದರ ಮೇಲೆ. ಪ್ರತಿ ತುಂಡಿಗೆ ಸರಾಸರಿ ಎತ್ತರ, ಅಲೆಯ ಒಟ್ಟು ಉದ್ದ, ಸೊನ್ನೆ ದಾಟಿದ ಸಲ, ಇಳಿಜಾರು ತಿರುಗಿದ ಸಲ. ಇವು 1990ರ ದಶಕದಿಂದ ಬಳಕೆಯಲ್ಲಿರುವ ಲೆಕ್ಕಗಳು, ಈಗಲೂ ಚೆನ್ನಾಗಿ ನಡೆಯುತ್ತವೆ. ರ್‍ಯಾಂಡಮ್ ಫಾರೆಸ್ಟ್‌ಗೆ (ಉದಾಹರಣೆಗಳಿಂದ ಕಲಿತು ಗುರುತಿಸುವ ಮಾಡೆಲ್) ಹಲವರ ಲೆಕ್ಕ ಕೊಟ್ಟೆ, ಹೆಚ್ಚುಕಮ್ಮಿ ಎಲ್ಲವೂ ಸರಿ ಬಂತು.

ಆ ಫಲಿತಾಂಶವನ್ನು ನಂಬಬಾರದಿತ್ತು. ತುಂಡುಗಳನ್ನೆಲ್ಲ ಕಲಸಿ, ಮಾಡೆಲ್‌ಗೆ ಕಲಿಸಲು ಕೆಲವು (ಟ್ರೈನಿಂಗು), ಪರೀಕ್ಷಿಸಲು ಕೆಲವು (ಟೆಸ್ಟು) ಅಂತ ಹಂಚಿದ್ದೆ. ಅರ್ಧ ಅರ್ಧ ಒಂದೇ ಡೇಟಾ ಇರುವ ಜೋಡಿಯಲ್ಲಿ ಒಂದು ಈ ಕಡೆ, ಇನ್ನೊಂದು ಆ ಕಡೆ. ಉತ್ತರ ತೋರಿಸಿ ಪರೀಕ್ಷೆ ಮಾಡಿದ ಹಾಗಾಯ್ತು ಅಲ್ವಾ? ಒಬ್ಬರನ್ನು ಪೂರ್ತಿ ಹೊರಗಿಟ್ಟು ಅವರ ಮೇಲೆ ಟೆಸ್ಟ್ ಮಾಡಿದಾಗ ಏಳುವುದೂ ಕೂರುವುದೂ ಅದಲುಬದಲಾಗತೊಡಗಿದವು. ಎರಡಕ್ಕೂ ದುಡಿಯುವುದು ತೊಡೆಯ ಅದೇ ಸ್ನಾಯು. ಏಳುವಾಗ ಅದು ಕುಗ್ಗುತ್ತದೆ, ಕೂರುವಾಗ ಉದ್ದವಾಗುತ್ತಲೇ ಭಾರ ತಡೆಯುತ್ತದೆ, ಆಗ ಸಿಗ್ನಲ್ ಸಾಮಾನ್ಯವಾಗಿ ಕಡಿಮೆ. ಒಬ್ಬರ ಕಡಿಮೆ ಇನ್ನೊಬ್ಬರ ಜಾಸ್ತಿ ಆಗಬಹುದು.

ಎರಡು ಬದಲಾವಣೆ ಕೆಲಸ ಮಾಡಿದವು. ತೊಡೆಗೆ ಒಂದು ಆಕ್ಸಿಲರೋಮೀಟರ್ ಸೇರಿಸಿದೆ, ತೊಡೆ ಅಡ್ಡದಿಂದ ನೆಟ್ಟಗಾಗುತ್ತಿದೆಯೋ ನೆಟ್ಟಗಿಂದ ಅಡ್ಡವಾಗುತ್ತಿದೆಯೋ ಅದು ಹೇಳುತ್ತದೆ. ಇನ್ನೊಂದು, ಪ್ರತಿಯೊಬ್ಬರ ಸಿಗ್ನಲ್ಲನ್ನೂ ಅವರದೇ ಮಾಮೂಲಿ ನಡಿಗೆಗೆ ಹೋಲಿಸಿ ಅಳೆದೆ. ಪೂರ್ತಿ ಶಕ್ತಿ ಹಾಕಿಸಿ ಅಳೆಯುವ ಪದ್ಧತಿ ಇದೆ, ಆದರೆ ಮಂಡಿ ನೋವಿರುವವರಿಗೆ ಹಾಗೆ ಒತ್ತಿ ಅಂತ ಹೇಳಲು ನನಗೆ ಮನಸ್ಸಿಲ್ಲ.

ಈಗ ಎಲೆಕ್ಟ್ರೋಡ್ ಸುತ್ತ ಪೆನ್ನಿನಲ್ಲಿ ಗೆರೆ ಹಾಕಿ ಇಡುತ್ತೇನೆ, ಮಾರನೇ ದಿನ ಅದೇ ಜಾಗಕ್ಕೆ ಬರಲಿ ಅಂತ. ಕೂತು ಏಳುವ ಲೆಕ್ಕ ಹೊಸಬರಲ್ಲೂ ಸರಿ ಬರುತ್ತಿದೆ. ಮೆಟ್ಟಿಲು ಇಳಿಯುವುದು ಮಾತ್ರ ಆಗಾಗ ನಡಿಗೆ ಅಂತ ಬರುತ್ತದೆ, ನಿಧಾನವಾಗಿ ಇಳಿಯುವವರಲ್ಲಿ ಜಾಸ್ತಿ. ಈ ವಾರ ಅವರ ರೆಕಾರ್ಡಿಂಗ್‌ಗಳನ್ನೇ ಒಂದೊಂದಾಗಿ ತೆರೆದು ನೋಡುತ್ತಿದ್ದೇನೆ.