ಕೋಲಾರದ ಬೋರ್‌ವೆಲ್ ನೀರು, ನನ್ನ ಜರಿಗಿಡ

ಮಲೆನಾಡಿನಲ್ಲಿ ಜರಿಗಿಡವನ್ನು ಯಾರೂ ಸಾಕುವುದಿಲ್ಲ. ಬಾವಿಯ ಕಲ್ಲಿನ ಸಂದಿಯಲ್ಲಿ, ಪಾಚಿ ಕಟ್ಟಿದ ಗೋಡೆಯಲ್ಲಿ ತಾನೇ ಹುಟ್ಟಿಕೊಳ್ಳುತ್ತದೆ. ಅದನ್ನು ಕೋಲಾರದ ಮನೆಯೊಳಗೆ ಬೆಳೆಸುತ್ತೇನೆ ಎಂದಾಗ ಮನೆಯವರು ನಕ್ಕರು. ಮೊದಲ ಗಿಡ ಎರಡೇ ತಿಂಗಳಲ್ಲಿ ಒಣಗಿದಾಗ ಇನ್ನೂ ಜಾಸ್ತಿ ನಕ್ಕರು.

ಅದು ಬಾಸ್ಟನ್ ಫರ್ನ್ ಎಂಬ ಜಾತಿಯ ಜರಿ. ಎಲೆಯ ತುದಿ ಕಂದಾಗತೊಡಗಿತ್ತು. ನೀರು ಸಾಲದು ಅಂದುಕೊಂಡು ಇನ್ನಷ್ಟು ಹಾಕಿದೆ. ಹಾಕಿದಷ್ಟೂ ಸುಟ್ಟಂತಾಯಿತು. ಕೊನೆಗೆ ಕಣ್ಣಿಗೆ ಬಿದ್ದದ್ದು ಕುಂಡದ ಅಂಚಿನಲ್ಲಿ ಕಟ್ಟಿದ್ದ ಬಿಳಿ ಪುಡಿ. ನಮ್ಮ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುತ್ತದಲ್ಲ, ಅದೇ. ನಾನು ಹಾಕುತ್ತಿದ್ದದ್ದು ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಮಷೀನು ಹೊರಗೆ ಬಿಡುವ ನೀರು! ಸುಮ್ನೆ ಮೋರಿಗೆ ಹೋಗುತ್ತಲ್ಲ ಎಂದು ಬಕೆಟ್ ಇಟ್ಟು ಹಿಡಿಯುತ್ತಿದ್ದೆ. ಮೊದಲೇ ನಮ್ಮದು ಆಳದ ಬೋರ್‌ವೆಲ್ಲಿನ ಗಡಸು ನೀರು. ಮಷೀನು ಒಳ್ಳೆಯದನ್ನು ನಮಗೆ ಕೊಟ್ಟು, ಉಪ್ಪನ್ನೆಲ್ಲ ಆ ಬಕೆಟ್ಟಿಗೆ ತಳ್ಳುತ್ತಿತ್ತು. ಆ ನೀರು ನೆಲ ಒರೆಸಲು ಸಾಕು.

ಈಗ ಟೆರೇಸಿನ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿಯುತ್ತೇನೆ. ಮೊದಲ ಮಳೆಯದು ಧೂಳು, ಬಿಟ್ಟುಬಿಡುತ್ತೇನೆ. ಸೊಳ್ಳೆ ಆಗದಂತೆ ಬಾಯಿಗೆ ಬಟ್ಟೆ ಬಿಗಿದು ಮುಚ್ಚಳ. ಡ್ರಮ್ ಖಾಲಿಯಾದ ಮೇಲೆ ಕುಡಿಯುವ ನೀರನ್ನೇ ಕೊಡುತ್ತೇನೆ. ಮೂರು ಕುಂಡಕ್ಕೆ ಎಷ್ಟು ಬೇಕು ಹೇಳಿ?

ಎರಡನೇ ಗಿಡಕ್ಕೆ ಮಣ್ಣನ್ನೂ ಬದಲಿಸಿದೆ. ನಮ್ಮ ಕೆಂಪು ಮಣ್ಣು ಕುಂಡದಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಜರಿಯ ಬೇರು ನವಿರು, ಅದಕ್ಕೆ ಗಾಳಿಯೂ ಬೇಕು, ತೇವವೂ ಬೇಕು. ತೆಂಗಿನ ನಾರಿನ ಪುಡಿ ಅರ್ಧ, ಕೊಳೆತ ಹೊಂಗೆ ಎಲೆಯ ಗೊಬ್ಬರ ಕಾಲು ಭಾಗ, ಉಳಿದದ್ದು ದಪ್ಪ ಮರಳು. ನಾರಿನ ಪುಡಿಯಲ್ಲೂ ಉಪ್ಪು ಇರಬಹುದು, ಮೂರು ಸಲ ತೊಳೆದು ಹಿಂಡಿಯೇ ಬಳಸಿದೆ.

ಜಾಗ ಪೂರ್ವದ ಕಿಟಕಿ. ತೆಳು ಪರದೆಯ ಹಿಂದೆ, ಫ್ಯಾನಿನಿಂದ ದೂರ. ಮಾರ್ಚ್ ಬಂತೆಂದರೆ ಇಲ್ಲಿ ಗಾಳಿಯೇ ಒಣಕಲು. ಮೊದಲು ದಿನಕ್ಕೆ ನಾಲ್ಕು ಸಲ ಎಲೆಗೆ ನೀರು ಸಿಂಪಡಿಸುತ್ತಿದ್ದೆ. ಹತ್ತು ನಿಮಿಷದಲ್ಲಿ ಆರಿಹೋಗುತ್ತಿತ್ತು. ಬೇಸತ್ತು ಬಿಟ್ಟೆ. ಅದರ ಬದಲು ಅಗಲವಾದ ತಟ್ಟೆಗೆ ಜಲ್ಲಿಕಲ್ಲು, ನೀರು ತುಂಬಿ, ಕಲ್ಲಿನ ಮೇಲೆ ಕುಂಡಗಳನ್ನು ಒತ್ತೊತ್ತಾಗಿ ಇಟ್ಟೆ. ಕುಂಡದ ತಳ ನೀರಿಗೆ ತಾಗಬಾರದು, ಬೇರು ಕೊಳೆಯುತ್ತದೆ. ನಾಜೂಕಿನ ಮೇಡನ್‌ಹೇರ್ ಜರಿ ಮಾತ್ರ ಇದಕ್ಕೂ ಬಗ್ಗಲಿಲ್ಲ. ಒಂದು ದಿನ ನೀರು ಮರೆತರೆ ಹಪ್ಪಳ! ಒಣಗಿದ್ದನ್ನೆಲ್ಲ ಬುಡದವರೆಗೆ ಕತ್ತರಿಸಿ ಬಚ್ಚಲುಮನೆಯ ಕಿಟಕಿಗೆ ಸಾಗಿಸಿದೆ. ಕೆಲವು ವಾರಗಳಲ್ಲಿ ಹೊಸ ಸುರುಳಿಗಳು ಎದ್ದವು.

ಒಂದು ದಿನ ಅಮ್ಮ ಬಾಸ್ಟನ್ ಫರ್ನಿನ ಎಲೆ ಮಗುಚಿ, "ಏನೋ ಇದು, ಹುಳ ಹತ್ತಿದೆ!" ಎಂದು ಬೇವಿನೆಣ್ಣೆ ತಂದುಬಿಟ್ಟರು. ಎಲೆಯ ಅಡಿಯಲ್ಲಿ ಸಾಲಾಗಿ ಕಂದು ಚುಕ್ಕಿಗಳು. ಅದು ಹುಳವಲ್ಲ. ಜರಿಗೆ ಹೂವಿಲ್ಲ, ಬೀಜವಿಲ್ಲ. ಬೀಜದ ಬದಲು ವಂಶ ಬೆಳೆಸುವುದು ಆ ಚುಕ್ಕಿಗಳಲ್ಲಿನ ಧೂಳಿನಂಥ ಬೀಜಕಗಳು. ಹುಳವಾದರೆ ಹೀಗೆ ಅಳೆದಿಟ್ಟಂತೆ ಎರಡು ಸಾಲಿನಲ್ಲಿ ಕೂರುತ್ತದೆಯೇ? ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಅಮ್ಮನಿಗೆ ಪೂರ್ತಿ ನಂಬಿಕೆ ಬಂದಿಲ್ಲ.

ಕುಂಡದಿಂದ ದಾರದಂತೆ ಇಳಿಬೀಳುವ ಹಂಬುಗಳನ್ನು ಕಸವೆಂದು ನಾನೇ ಕತ್ತರಿಸುತ್ತಿದ್ದೆ. ಈಗ ಒಂದನ್ನು ಪಕ್ಕದ ಕುಂಡದ ಮಣ್ಣಿಗೆ ತಾಗಿಸಿ ಬಿಟ್ಟೆ, ಬೇರೂರಿ ಮರಿ ಎದ್ದಿದೆ. ಚಿಕ್ಕಮ್ಮ ಅದನ್ನು ಕೇಳಿದ್ದಾರೆ. ಅವರ ಮನೆಯಲ್ಲೂ ಆರ್‌ಓ ಇದೆ. ಮೊದಲು ಡ್ರಮ್ ತಗೊಳ್ಳಿ, ಆಮೇಲೆ ಗಿಡ ಎಂದಿದ್ದೇನೆ.