ಗ್ಲಾಸ್ ಒಡೆಯದೆ, ಕೆಳಗಿನಿಂದ ಕರೆಂಟ್ ಕೊಟ್ಟು ಕಾರಿನ ಬಾಗಿಲು ತೆಗೆದಿದ್ದು

ಹುಬ್ಬಳ್ಳಿ ಗೋಕುಲ ರೋಡಿನ ಕಡೆ ನನ್ನದು ಆಟೋ ಎಲೆಕ್ಟ್ರಿಕ್ ಕೆಲಸ. ಬ್ಯಾಟರಿ ಪೂರ್ತಿ ಇಳಿದು ಬಾಗಿಲು ತೆಗೆಯಲು ಬಾರದ ಕಾರು ನಮ್ಮ ಲೈನಿನವರಿಗೆ ಹೊಸದಲ್ಲ. ಹತ್ತು ಫೋನ್ ಬಂದರೆ ಆರೇಳು ಫೋನಿನಲ್ಲೇ ಮುಗಿಯುತ್ತವೆ. ರಿಮೋಟಿನೊಳಗೆ ಕಬ್ಬಿಣದ ಚಾವಿ ಇದೆ, ಡ್ರೈವರ್ ಬಾಗಿಲಿನ ಹ್ಯಾಂಡಲ್ ಹತ್ತಿರ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ, ಅದರ ಹಿಂದೆ ತೂತು ಅಂತ ಹೇಳಿದರೆ ಸಾಕು. ಬಟನ್ ಸ್ಟಾರ್ಟ್ ಕಾರು ನಾಲ್ಕು ವರ್ಷ ಓಡಿಸಿದವರೂ ಆ ಚಾವಿ ನೋಡಿರುವುದಿಲ್ಲ. ಮೊದಲು ರಿಮೋಟಿನ ಸಿಆರ್ 2032 ಸೆಲ್ ಬದಲಿಸುತ್ತಾರೆ, ಆಗದಿದ್ದರೆ ಇನ್ನೊಂದು ಅಂಗಡಿಯ ಸೆಲ್ ಹಾಕುತ್ತಾರೆ, ಆಮೇಲೆ ನಮ್ಮ ನೆನಪು. ಇದಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ. ತಲೆನೋವು ಏನಿದ್ದರೂ ಉಳಿದ ಮೂರು ಕಾರಿನದು.

ಹೋದ ಬೇಸಿಗೆಯಲ್ಲಿ ಗದಗಿನಿಂದ ಒಬ್ಬ ರಿಟೈರ್ಡ್ ಮಾಸ್ತರರ ಫೋನ್ ಬಂತು. ಡೀಸೆಲ್ ಕಾರು. ಎರಡೂವರೆ ತಿಂಗಳು ಪುಣೆಯಲ್ಲಿ ಮಗಳ ಮನೆಯಲ್ಲಿದ್ದು ಬಂದಿದ್ದರು. ಕಾರಿನ ಮೂತಿ ಗೋಡೆಗೆ, ಹ್ಯಾಂಡ್‌ಬ್ರೇಕ್ ಎಳೆದಿದೆ, ಗೇರಿನಲ್ಲೇ ನಿಂತಿದೆ. ಯಾವುದೋ ಶೋರೂಂನವರು, ಗ್ಲಾಸ್ ಒಡೆಯಬೇಕು, ಇಲ್ಲದಿದ್ದರೆ ಎತ್ತಿಕೊಂಡು ಹೋಗಬೇಕು, ಸುಮಾರು ಐದು ಸಾವಿರ ಆಗುತ್ತದೆ ಅಂದಿದ್ದರಂತೆ. ನಾನು ಬೈಕ್ ಬ್ಯಾಟರಿ, ಮೀಟರ್, ಸ್ಪ್ರೇ ಹಾಕಿಕೊಂಡು ಹೊರಟೆ. ಒಂದು ತಾಸಿನ ಕೆಲಸ ಅಂದುಕೊಂಡಿದ್ದೆ. ಅಣ್ಣಿಗೇರಿಯಲ್ಲಿ ಚಹಾ ಕುಡಿಯುವಷ್ಟು ನಿರಾಳ.

ಹೋದ ಮೇಲೆ ಮೊದಲ ಕೆಲಸ ಆರ್‌ಸಿ ಕೇಳುವುದು. ಯಾರೇ ಇರಲಿ, ಕೇಳುತ್ತೇನೆ. ಮಾಸ್ತರರು ಸ್ವಲ್ಪ ಮುಖ ಗಂಟಿಕ್ಕಿದರು, ಆದರೂ ಒಳಗಿನಿಂದ ತಂದು ತೋರಿಸಿದರು.

ಚಾವಿ ತೂತಿಗೆ ಹೋಗುತ್ತದೆ, ತಿರುಗುವುದಿಲ್ಲ. ಧೂಳು ಹಿಡಿದಿದೆ ಅಂತ ಸ್ಪ್ರೇ ಹೊಡೆದೆ. ಗ್ರಾಫೈಟ್ ಪುಡಿ ಹಾಕಿದೆ. ಚಾವಿಯನ್ನು ಹಿಂದೆ ಮುಂದೆ ಆಡಿಸಿದೆ. ಜೋರು ಮಾಡಲು ಧೈರ್ಯ ಇಲ್ಲ, ಯಾಕೆಂದರೆ ಹಿಂದೊಮ್ಮೆ ಕೇಶ್ವಾಪುರದಲ್ಲಿ ಹೀಗೇ ತಿರುಚಿ ಚಾವಿ ಒಳಗೇ ಮುರಿದು, ಎರಡು ಸಾವಿರದ ಮೇಲೆ ನನ್ನ ಜೇಬಿನಿಂದ ಹೋಗಿತ್ತು. ಎರಡು ತಾಸು ಹೀಗೇ ಕಳೆಯಿತು. ಅಷ್ಟರಲ್ಲಿ ಮಾಸ್ತರರ ಮನೆಯವರು ಚಹಾ ತಂದುಕೊಟ್ಟು ಸಹಜವಾಗಿ ಅಂದರು, "ಆ ಬಾಗಲಾ ಮೊದಲಿಂದಲ್ರೀ ತಮ್ಮಾ. ಟ್ರ್ಯಾಕ್ಟರ್ ಬಡದಾಗ ಬದಲಿ ಮಾಡಿಸೀವಿ."

ನಾನು ಚಹಾ ಕೆಳಗಿಟ್ಟೆ. ಡೆಂಟಿಂಗ್‌ನವರು ಸ್ಕ್ರ್ಯಾಪ್‌ನಿಂದ ಬಾಗಿಲು ತಂದು ಬಣ್ಣ ಹೊಡೆದು ಕೂಡಿಸಿದ್ದಾರೆ, ಲಾಕ್ ಮಾತ್ರ ಹಳೇ ಕಾರಿನದೇ. ಈ ಚಾವಿ ಜನ್ಮದಲ್ಲೂ ಅದರಲ್ಲಿ ತಿರುಗುತ್ತಿರಲಿಲ್ಲ. ಎಡಗಡೆ ಬಾಗಿಲಿಗೆ ತೂತೇ ಇಲ್ಲ. ಡಿಕ್ಕಿ ತೆಗೆಯುವುದೂ ಕರೆಂಟಿನಿಂದಲೇ. ಅಂದಿನಿಂದ ಫೋನಿನಲ್ಲೇ ಕೇಳುತ್ತೇನೆ, ಬಾಗಿಲು ಯಾವಾಗಲಾದರೂ ಬದಲಿಸಿದ್ದೀರಾ ಅಂತ.

ಬಾಗಿಲಿನ ಸಂದಿಗೆ ಗಾಳಿ ತುಂಬುವ ಚೀಲ ತೂರಿಸಿ, ಅಗಲ ಮಾಡಿ ಉದ್ದ ಸಲಾಕೆ ಹಾಕಬಹುದಿತ್ತಲ್ಲ ಅನ್ನುತ್ತೀರಿ. ಆ ಕಿಟ್ ನನ್ನ ಹತ್ತಿರವೂ ಇದೆ, ಹದಿಮೂರುನೂರೋ ಹದಿನಾಲ್ಕುನೂರೋ ಕೊಟ್ಟು ತಂದಿದ್ದು. ಧಾರವಾಡ ಸಪ್ತಾಪುರದಲ್ಲಿ ಒಂದು ಕಾರಿಗೆ ಹಾಕಿ ಬಾಗಿಲಿನ ಚೌಕಟ್ಟು ಕೂದಲೆಳೆಯಷ್ಟು ಬಾಗಿತು. ಈಗಲೂ ಎಂಬತ್ತರ ಮೇಲೆ ಓಡಿಸಿದರೆ ಸುಂಯ್ ಅಂತ ಗಾಳಿ ಸದ್ದು ಬರುತ್ತದಂತೆ, ಆ ಪುಣ್ಯಾತ್ಮ ಸಿಕ್ಕಾಗಲೆಲ್ಲ ಬಾಯಿಂದ ಅದೇ ಸದ್ದು ಮಾಡಿ ತೋರಿಸುತ್ತಾನೆ. ಅದೂ ಅಲ್ಲದೆ ಬ್ಯಾಟರಿ ಸತ್ತ ಮೇಲೆ ಒಳಗಿನ ಅನ್‌ಲಾಕ್ ಸ್ವಿಚ್ ಒತ್ತಿ ಏನು ಉಪಯೋಗ? ಒಳಗಿನ ಹಿಡಿಕೆಯನ್ನೇ ಎಳೆಯಬೇಕು, ಎಲ್ಲ ಕಾರಿನಲ್ಲೂ ಅದು ಆಗುವುದಿಲ್ಲ.

ಆಗ ತಲೆಗೆ ಬಂದಿದ್ದು ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್. ಬ್ಯಾಟರಿಯಿಂದ ದಪ್ಪ ಕೇಬಲ್ ನೇರ ಸೆಲ್ಫ್ ಬೋಲ್ಟಿಗೆ ಬರುತ್ತದೆ ಅಲ್ವಾ. ಬಾನೆಟ್ ತೆಗೆಯುವ ಹಿಡಿಕೆ ಲಾಕ್ ಆದ ಕಾರಿನ ಒಳಗೆ. ಬಾನೆಟ್ ತೆಗೆಯದೆ ಆ ಬೋಲ್ಟ್ ಸಿಕ್ಕರೆ, ಬ್ಯಾಟರಿ ಸಿಕ್ಕ ಹಾಗೇ. ಅಲ್ಲಿಂದಲೇ ಗೆಳೆಯನಿಗೆ ಫೋನ್ ಮಾಡಿದೆ, ಅವನದೂ ಇದೇ ಧಂದೆ. "ಹುಚ್ಚ ಹಿಡದದೇನಲೇ? ಶಾರ್ಟ್ ಆಗಿ ಗಾಡಿ ಸುಟ್ಟಗಿಟ್ಟೀತು. ಸುಮ್ನ ಹಿಂದಿನ ಸಣ್ಣ ಗ್ಲಾಸ್ ಒಡಿ, ಬಿಲ್ ಹಚ್ಚು" ಅಂದ. ಆ ಸಣ್ಣ ಗ್ಲಾಸ್ ಎಷ್ಟು ದುಬಾರಿ, ಸಿಗಲು ಎಷ್ಟು ದಿನ ಬೇಕು ಅಂತ ಅವನಿಗೂ ಗೊತ್ತು.

ಅವತ್ತು ಗಾಲಿ ಬಿಚ್ಚಿ ಆ ಬೋಲ್ಟಿಗೆ ಬೈಕ್ ಬ್ಯಾಟರಿ ಹಿಡಿಸಿದೆ. ಬೋಲ್ಟಿನಲ್ಲಿ ಮೀಟರ್ ಮೂರು ವೋಲ್ಟ್ ಚಿಲ್ಲರೆ ತೋರಿಸುತ್ತಿತ್ತು, ಏಳಕ್ಕೆ ಏರಿ ಅಲ್ಲೇ ನಿಂತಿತು. ಸತ್ತ ಬ್ಯಾಟರಿಯೇ ಎಲ್ಲ ಕುಡಿಯುತ್ತಿದೆ. ಪಕ್ಕದ ಮನೆ ಹುಡುಗ, ಸತ್ತ ಬ್ಯಾಟರಿಗೆ ಕರೆಂಟ್ ಕೊಡುವ ತನ್ನ ಹೊಸ ಲಿಥಿಯಂ ಜಂಪ್ ಪ್ಯಾಕ್ ತಂದ. ಅದು ಕೆಂಪು ದೀಪ ತೋರಿಸಿ ಸುಮ್ಮನಾಯಿತು. ವೋಲ್ಟ್ ತೀರಾ ಕಡಿಮೆ ಇದ್ದರೆ ಆ ಬುದ್ಧಿವಂತ ಪ್ಯಾಕುಗಳು ಕರೆಂಟೇ ಬಿಡುವುದಿಲ್ಲ. ಕೆಲವಕ್ಕೆ ಒತ್ತಾಯದ ಬಟನ್ ಇರುತ್ತದೆ, ಅವನದಕ್ಕೆ ಇರಲಿಲ್ಲ. ಬರಿಗೈಯಲ್ಲಿ ವಾಪಸ್. ಹೋಗಿ ಬರಲು ಹತ್ತಿರ ಹತ್ತಿರ 120 ಕಿಲೋಮೀಟರ್, ಪೆಟ್ರೋಲ್ ನನ್ನದೇ.

ಮರುದಿನ ಚಾರ್ಜ್ ಮಾಡಿದ 35 ಎಎಚ್ (ಆಂಪಿಯರ್ ಅವರ್) ಕಾರ್ ಬ್ಯಾಟರಿ, ಬ್ಯಾಟರಿಯಿಂದ ಬ್ಯಾಟರಿಗೆ ಕರೆಂಟ್ ಕೊಡಲು ನಾನೇ ವೆಲ್ಡಿಂಗ್ ಕೇಬಲಿನಿಂದ ಮಾಡಿದ ಜಂಪರ್ ತಗೊಂಡು ಹೋದೆ. (ಬಜಾರಿನ ಮುನ್ನೂರೈವತ್ತು ರೂಪಾಯಿ ಜಂಪರ್ ಸುಲಿದು ನೋಡಿ, ಒಳಗೆ ಕೂದಲಿನಂಥ ಅಲ್ಯೂಮಿನಿಯಂ, ಮೇಲೆ ತಾಮ್ರದ ಬಣ್ಣ.) ಎಡ ಮುಂದಿನ ಗಾಲಿ ಮತ್ತೆ ಬಿಚ್ಚಿ, ಜ್ಯಾಕ್ ಜೊತೆ ಸ್ಟ್ಯಾಂಡೂ ಕೊಟ್ಟು, ಒಳಗಿನ ಪ್ಲಾಸ್ಟಿಕ್ ಲೈನರ್ ಸರಿಸಿದೆ. ಲೈನರಿನ ಮೂರು ಕ್ಲಿಪ್ ಮುರಿದವು. ನಾಲ್ಕು ಬೆರಳು ಹೋಗುವಷ್ಟು ಸಂದಿ, ಆಚೆ ಮಣ್ಣು ಮೆತ್ತಿದ ರಬ್ಬರ್ ಟೋಪಿ. ಅದನ್ನು ಹಿಂದೆ ಜಗ್ಗಿದರೆ ಬೋಲ್ಟಿನ ತುದಿ ಉಗುರಿನಷ್ಟು ಕಾಣಿಸಿತು. ಜಂಪರಿನ ಕ್ಲಿಪ್ ಅಲ್ಲಿ ಹಿಡಿಯುವುದಿಲ್ಲ, ಜಾರಿ ಗೇರ್‌ಬಾಕ್ಸಿಗೆ ತಾಗಿದರೆ ದೀಪಾವಳಿ. ಅದಕ್ಕೆ ಒಂದು ಕೊಂಡಿ ಮಾಡಿಕೊಂಡಿದ್ದೇನೆ. ಅದು ಹೇಗೆ, ಯಾವುದರಿಂದ ಅಂತ ಇಲ್ಲಿ ಬರೆಯುವುದಿಲ್ಲ, ಬೇಜಾರಾಗಬೇಡಿ.

ನೆಗೆಟಿವ್ ಗೇರ್‌ಬಾಕ್ಸ್ ಬೋಲ್ಟಿಗೆ, ಜಿಡ್ಡು ಕೆರೆದು. ಆದರೆ ನೇರ ಕೊಡಲಿಲ್ಲ, ನಡುವೆ ಒಂದು ಹಳೇ ಹೆಡ್‌ಲೈಟ್ ಬಲ್ಬ್ ಹಾಕಿದೆ. ಬಲ್ಬ್ ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇರಬಹುದು, ಮುಂದೆ ಹೋಗಬಾರದು. ಅರ್ಧ ಉರಿಯಿತು, ಸರಿ ಅಂತ ಬಲ್ಬ್ ತೆಗೆದು ನೇರ ಕೊಟ್ಟೆ. ಹತ್ತು ನಿಮಿಷ ಮುಟ್ಟಲಿಲ್ಲ. ಮೀಟರ್ 11.4 ಅಂದಾಗ ಮಾಸ್ತರರಿಗೆ ರಿಮೋಟ್ ಒತ್ತಲು ಹೇಳಿದೆ. ಬಾಗಿಲು ತೆರೆಯಲಿಲ್ಲ, ಹಾರ್ನ್ ಬಡಿದುಕೊಳ್ಳಲು ಶುರುವಾಯಿತು! ಓಣಿಯ ಮಂದಿಯೆಲ್ಲ ಹೊರಗೆ. ಇನ್ನೊಮ್ಮೆ ಒತ್ತಿಸಿದೆ. ಹಾರ್ನ್ ನಿಂತು, ನಾಲ್ಕೂ ಬಾಗಿಲು ಟಕ್ ಅಂದವು.

ಮಾಸ್ತರರು ಬಾನೆಟ್ ಎಳೆದು ನೋಡಿದರೆ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಹೊಸದು ಆರು ಸಾವಿರದ ಆಸುಪಾಸು ಆಯಿತು. ನಾನು ತಗೊಂಡಿದ್ದು 1,500. ಎರಡು ಸಲದ ಪೆಟ್ರೋಲ್, ಕ್ಲಿಪ್ ಕಳೆದರೆ ನನಗೆ ಉಳಿದಿದ್ದು ಒಂದಿನ್ನೂರು ರೂಪಾಯಿ. ಇರಲಿ, ವಿದ್ಯೆ ಸಿಕ್ಕಿತು.

ಆಮೇಲೆ ಹನ್ನೊಂದೋ ಹನ್ನೆರಡೋ ಕಾರು ಹೀಗೆ ತೆಗೆದಿದ್ದೇನೆ, ಒಂದಕ್ಕೂ ಗೀರು ಬಿದ್ದಿಲ್ಲ. ಹುಬ್ಬಳ್ಳಿ-ಧಾರವಾಡದೊಳಗೆ 800, ಹೊರಗಾದರೆ ಪೆಟ್ರೋಲ್ ಬೇರೆ. ಬ್ಯಾಟರಿ ಟರ್ಮಿನಲ್ ಕಳಚಿ ಬಿದ್ದು ಕರೆಂಟ್ ಹೋದ ಕಾರಾದರೆ ಇನ್ನೂ ಸಲೀಸು, ಕುಡಿಯುವವರೇ ಇಲ್ಲವಲ್ಲ, ಬೈಕ್ ಬ್ಯಾಟರಿಯೇ ಸಾಕು. ಕೆಳಗೆ ಕಬ್ಬಿಣದ ಗಾರ್ಡ್ ಇದ್ದರೆ ಅರ್ಧ ತಾಸು ಜಾಸ್ತಿ. ಸೆಲ್ಫ್ ಎಂಜಿನ್ ಹಿಂದೆ ಅಡಗಿದ್ದರೆ ನಾನು ಕೈಮುಗಿದು ವಾಪಸ್ ಬರುತ್ತೇನೆ.

ಇನ್ನೊಂದು ಹುಚ್ಚು ಪ್ರಯೋಗವೂ ಆಯಿತು. ಗಾಲಿ ಬಿಚ್ಚುವ ಗೋಜೇ ಬೇಡ, ಪಾರ್ಕಿಂಗ್ ಲೈಟ್ ಆನ್ ಉಳಿದು ಬ್ಯಾಟರಿ ಸತ್ತಿದ್ದರೆ ಸ್ವಿಚ್ ಇನ್ನೂ ಆನ್ ಇರುತ್ತದಲ್ಲ, ನಂಬರ್ ಪ್ಲೇಟಿನ ಬಲ್ಬ್ ಹೋಲ್ಡರಿನಿಂದಲೇ ಉಲ್ಟಾ ಕರೆಂಟ್ ಕೊಟ್ಟರೆ ಹೇಗೆ ಅಂತ. ನನ್ನ ಹಳೇ ಕಾರಿನಲ್ಲಿ, ಗ್ಲಾಸ್ ಇಳಿಸಿಟ್ಟು ಮಾಡಿದೆ. ಬ್ಯಾಟರಿ ಟರ್ಮಿನಲ್ ಬಿಚ್ಚಿದಾಗ ಮೀಟರ್ ಬೋರ್ಡ್ ದೀಪ ಹತ್ತಿತು, ಕುಣಿದುಬಿಟ್ಟೆ. ಸತ್ತ ಬ್ಯಾಟರಿ ಸೇರಿಸಿದ ಕೂಡಲೇ ಫ್ಯೂಸ್ ಢಂ. ಮೂರು ಫ್ಯೂಸ್ ಸುಟ್ಟ ಮೇಲೆ ಹೊಳೆಯಿತು, ನಿಜವಾದ ಗಿರಾಕಿಯ ಕಾರಾಗಿದ್ದರೆ ಆ ಫ್ಯೂಸ್ ಬಾಕ್ಸ್ ಇರುವುದು ಲಾಕ್ ಆದ ಬಾಗಿಲಿನ ಒಳಗೆ! ರಿಲೇ ಇರುವ, ಕಂಪ್ಯೂಟರ್ ಇರುವ ಹೊಸ ಕಾರಿನಲ್ಲಂತೂ ಕರೆಂಟ್ ಹೀಗೆ ಹಿಂದಕ್ಕೆ ಹೋಗುತ್ತದೆ ಅಂತ ನಂಬುವಂತಿಲ್ಲ. ಬಿಟ್ಟೆ.

ಗ್ಲಾಸ್ ಒಡಿ ಅಂದ ಗೆಳೆಯ ಹೋದ ತಿಂಗಳು ಬ್ಯಾಡಗಿಯಿಂದ ಫೋನ್ ಮಾಡಿದ್ದ. ಮಾರ್ಕೆಟ್ ಹತ್ತಿರ ಮೆಣಸಿನಕಾಯಿ ವ್ಯಾಪಾರಿಯ ಕಾರು, ಇದೇ ಕಥೆ. ಗಾಲಿ ಬಿಚ್ಚಿ ಕೂತಿದ್ದಾನೆ, ಕ್ಲಿಪ್ ಹಿಡಿಯುತ್ತಿಲ್ಲ. "ಆ ಕೊಂಡಿ ಹೆಂಗ ಮಾಡೀಯಪಾ?" ಅಂದ. ಹೇಳಿದೆ, ಅಂಗಡಿಗೆ ಬಾ, ಬರುವಾಗ ಎರಡು ಕಿಲೋ ಮೆಣಸಿನಕಾಯಿ ತಗೊಂಡು ಬಾ ಅಂತ. ಒಂದೇ ಕಿಲೋ ತಂದಿದ್ದ, ಅರ್ಧ ತೋರಿಸಿ ಕಳಿಸಿದೆ.