ಒಕ್ಕದ ವಂಶವೃಕ್ಷ ಸಾಲದು: ಪ್ರಬಲ ಆನುವಂಶಿಕ ಕಾಯಿಲೆಯ ಲೆಕ್ಕ ಹಾಕುವುದು ಹೇಗೆ?

ಕೊಡವರ ಒಕ್ಕದ (ಮನೆತನದ) ಮೂಲಮನೆಯಾದ ಐನ್‌ಮನೆಯಲ್ಲಿರುವ ವಂಶವೃಕ್ಷ ಈ ಕೆಲಸಕ್ಕೆ ಬಾರದು. ಅದರಲ್ಲಿ ಸಾಮಾನ್ಯವಾಗಿ ಮೂಲಪುರುಷ ಗುರುಕಾರೋಣನಿಂದ ಇಳಿದ ಗಂಡುಮಕ್ಕಳ ಸಾಲಷ್ಟೇ ಇರುತ್ತದೆ. ಬೇರೆ ಒಕ್ಕಕ್ಕೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಂತಾನ ಸಿಗುವುದಿಲ್ಲ. ಪ್ರಬಲ ವಂಶವಾಹಿ ದೋಷಕ್ಕೆ, ಅಂದರೆ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಕಾಯಿಲೆ ತರಬಲ್ಲ ದೋಷಕ್ಕೆ, ಮನೆಹೆಸರಿನ ಹಂಗಿಲ್ಲ. ಮಗನಿಗೆ ಬಂದಷ್ಟೇ ಸಲೀಸಾಗಿ ಮಗಳಿಗೂ, ಅವಳ ಮಕ್ಕಳಿಗೂ ಬರುತ್ತದೆ.

ದೊಡ್ಡ ಹಾಳೆಯೊಂದನ್ನು ತೆಗೆದುಕೊಳ್ಳಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಕಾಯಿಲೆ ಇದ್ದವರ ಗುರುತಿಗೆ ಕಪ್ಪು ತುಂಬಿ, ತೀರಿಕೊಂಡವರ ಗುರುತಿಗೆ ಓರೆಗೆರೆ ಎಳೆಯಿರಿ. ತಾಯಿಯ ತವರು ಕಡೆಯದೂ ಸೇರಿ ಕನಿಷ್ಠ 3 ತಲೆಮಾರು ಬೇಕು. ಪಕ್ಕದಲ್ಲಿ ಕಾಯಿಲೆ ಕಾಣಿಸಿದ ವಯಸ್ಸು, ತೀರಿಕೊಂಡ ವಯಸ್ಸು. ‘ಎದೆನೋವು ಬಂದು ಹೋದರು’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. 82ಕ್ಕೆ ಹೋದರೆ ಅದು ವಯೋಸಹಜ, 42ಕ್ಕೆ ಹೋದರೆ ಮನೆತನದ ಕೊಲೆಸ್ಟರಾಲ್ ದೋಷವೇ ಎಂದು ಕೇಳಬೇಕಾಗುತ್ತದೆ.

ತಲೆಮಾರು ತಪ್ಪದೆ, ಗಂಡು ಹೆಣ್ಣೆನ್ನದೆ, ಅಪ್ಪನಿಂದ ಮಗನಿಗೂ ಕಪ್ಪು ಗುರುತು ಇಳಿದಿದ್ದರೆ ಪ್ರಬಲ ದೋಷದ ಅನುಮಾನ ಬಲವಾಗುತ್ತದೆ. ವಂಶವಾಹಿಯ 2 ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು. ಹಾಗಾಗಿ ‘ಸೋದರಮಾವನ ಮಗಳನ್ನು ತಂದದ್ದಕ್ಕೇ ಹೀಗಾಯಿತು’ ಎಂಬ ದೂರು ಇಲ್ಲಿ ಸಲ್ಲದು.

ತಂದೆ ತಾಯಿಯರಲ್ಲಿ ಒಬ್ಬರಿಗೆ ದೋಷವಿದ್ದರೆ ಪ್ರತಿ ಬಸಿರಿಗೂ ಶೇ 50 ಸಾಧ್ಯತೆ. ನಾಲ್ವರು ಮಕ್ಕಳಲ್ಲಿ ಇಬ್ಬರಿಗೆ ಬಂದಿದೆ, ಇನ್ನಿಬ್ಬರು ಪಾರು ಎಂದುಕೊಳ್ಳುವುದೇ ಹೆಚ್ಚಿನವರ ತಪ್ಪು. ಸರಿಯಾಗಿ ಇಬ್ಬರಿಗೇ ಬರುವ ಸಾಧ್ಯತೆ 16ರಲ್ಲಿ 6. ನಾಲ್ವರಿಗೂ ಬರುವುದು 16ರಲ್ಲಿ 1, ಯಾರಿಗೂ ಬಾರದಿರುವುದೂ 16ರಲ್ಲಿ 1. ತಂದೆ ತಾಯಿ ಇಬ್ಬರಿಗೂ ಇದ್ದರೆ ಶೇ 75. ಆ 75ರಲ್ಲಿ 25 ಪಾಲು ಎರಡೂ ಪ್ರತಿ ಕೆಟ್ಟ ಮಗು. ಕೊಲೆಸ್ಟರಾಲ್ ದೋಷದಲ್ಲಿ ಅಂಥ ಮಗುವಿಗೆ ಚಿಕ್ಕಂದಿನಲ್ಲೇ ಹೃದ್ರೋಗ ಬರಬಹುದು.

ಹಾಳೆ ದಾರಿ ತಪ್ಪಿಸುವುದೂ ಉಂಟು. ಅಕಾಂಡ್ರೋಪ್ಲೇಸಿಯಾ ಎಂಬ ಕುಬ್ಜತೆಯಲ್ಲಿ ಸುಮಾರು ಶೇ 80 ಮಂದಿಯ ತಂದೆ ತಾಯಿ ಸಾಮಾನ್ಯ ಎತ್ತರದವರು; ದೋಷ ಆ ಮಗುವಿನಲ್ಲೇ ಹೊಸದು. ಆರನೇ ಬೆರಳಿನಂಥದ್ದು ಒಂದು ತಲೆಮಾರಿನಲ್ಲಿ ಕಾಣದೆ ಮುಂದಿನದರಲ್ಲಿ ಕಾಣಿಸೀತು. ಮೆದುಳಿನ ನರಕೋಶಗಳು ನಶಿಸುತ್ತ ಹೋಗುವ ಹಂಟಿಂಗ್‌ಟನ್ ಕಾಯಿಲೆ ಹೆಚ್ಚಾಗಿ 30ರಿಂದ 50ರ ನಡುವೆ ತೋರುವುದರಿಂದ 28ರ ಮಗನ ಖಾಲಿ ಚೌಕವನ್ನು ನೆಚ್ಚುವಂತಿಲ್ಲ.

ಹಾಳೆಯನ್ನು ಆನುವಂಶಿಕ ಸಲಹಾ ತಜ್ಞರಿಗೆ ತೋರಿಸಿ. ರಕ್ತಪರೀಕ್ಷೆ ಮೊದಲು ಕಾಯಿಲೆ ಇರುವವರಿಗೇ ಆಗಲಿ. ಆ ಮನೆತನದ ದೋಷ ಯಾವುದೆಂದು ಗೊತ್ತಾಗದೆ ಆರೋಗ್ಯವಾಗಿರುವ ಮಗಳ ವರದಿಯಲ್ಲಿ ‘ಏನೂ ಇಲ್ಲ’ ಎಂದು ಬಂದರೂ, ಹೆಚ್ಚಿನ ಕಾಯಿಲೆಗಳಲ್ಲಿ ಅದು ಪಕ್ಕಾ ಉತ್ತರವಲ್ಲ.